ತಪ್ಪು ಹೆಸರಿನಿಂದ ಉಳಿದ ಕಂಚು

ರೋಮ್ ನಗರಕ್ಕೆ ಪ್ರವಾಸ ಹೋಗಿ ಬಂದ ನಮ್ಮವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ಕೊಲೋಸಿಯಂ, ವ್ಯಾಟಿಕನ್, ನಾಣ್ಯ ಎಸೆಯುವ ಟ್ರೆವಿ ಕಾರಂಜಿ, ಈ ಮೂರರ ಹೆಸರು ಬರುತ್ತದೆ. ನಾಲ್ಕನೆಯದಕ್ಕೆ ಪ್ರವಾಸದ ಏಜೆಂಟರು ವೇಳೆ ಕೊಡುವುದಿಲ್ಲ. ಕೊಲೋಸಿಯಂನಿಂದ ಕಾಲ್ನಡಿಗೆಯಲ್ಲಿ ಕಾಲು ಗಂಟೆಯ ದಾರಿ ಸವೆಸಿದರೆ ಒಂದು ಸಣ್ಣ ಗುಡ್ಡ ಸಿಗುತ್ತದೆ. ರೋಮಿನ ಪ್ರಸಿದ್ಧ ಏಳು ಗುಡ್ಡಗಳಲ್ಲಿ ಒಂದಾದ ಕ್ಯಾಪಿಟೋಲೈನ್ ಅದು. ಇಟಲಿಯ ಜನ ಕಂಪಿದೋಲ್ಯೊ ಎನ್ನುತ್ತಾರೆ. ಅದರ ಮೇಲಿರುವ ವಸ್ತುಸಂಗ್ರಹಾಲಯವನ್ನು ಜಗತ್ತಿನ ಸಾರ್ವಜನಿಕ ಮ್ಯೂಸಿಯಂಗಳಿಗೆಲ್ಲ ಹಿರಿಯಣ್ಣ ಎಂದು ಕರೆಯುವ ವಾಡಿಕೆಯಿದೆ. ಅಲ್ಲಿ ಒಂದು ಇಡೀ ಹಗಲು ಕಳೆಯುವ ಅವಕಾಶ ನನಗೆ ದೊರೆಯಿತು. ಕಂಡದ್ದನ್ನೆಲ್ಲ ಪಟ್ಟಿ ಮಾಡಿ ಓದುಗರನ್ನು ದಣಿಸುವುದಿಲ್ಲ. ಅಲ್ಲಿಯ ಒಂದೊಂದು ವಸ್ತುವೂ ಇಂದಿನವರೆಗೆ ಉಳಿದು ಬಂದದ್ದಾದರೂ ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹುವಾಗಿ ಕಾಡಿತು. ಅದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಪ್ರಾಚೀನ ಕಾಲದಲ್ಲಿ ಈ ಗುಡ್ಡದ ಮೇಲೆ ರೋಮನರ ಮಹಾದೇವತೆ ಜೂಪಿಟರನ ದೇವಾಲಯವಿತ್ತು. ಕ್ರಿ.ಪೂ. 509ರಲ್ಲಿ ಅದರ ಪ್ರತಿಷ್ಠೆಯಾಯಿತೆಂದು ಪರಂಪರೆಯ ಮಾತು. ಜಯಶಾಲಿಯಾದ ಸೇನಾನಿ ಮೆರವಣಿಗೆಯಲ್ಲಿ ಬಂದು ಪೂಜೆ ಸಲ್ಲಿಸುತ್ತಿದ್ದುದು ಅಲ್ಲಿಯೇ. ಸಾಮ್ರಾಜ್ಯ ಕುಸಿದು, ಲಕ್ಷಗಟ್ಟಲೆ ಜನರಿದ್ದ ನಗರದಲ್ಲಿ ಕೆಲವು ಸಾವಿರ ಜನ ಉಳಿದಾಗ ಆ ಗುಡ್ಡಕ್ಕೆ ಬಂದ ಹೆಸರು ಮೊಂತೆ ಕಪ್ರೀನೊ, ಎಂದರೆ ಮೇಕೆಗುಡ್ಡ. ಕೆಳಗಿನ ಫೋರಂ, ಸೀಸರ್ ಓಡಾಡಿದ ಆ ರಾಜಬೀದಿ, ದನದ ಬಯಲು ಎನಿಸಿಕೊಂಡಿತು. ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿದರು. ಕಂಚಿನ ಗತಿ ಅದಕ್ಕಿಂತ ಕಷ್ಟದ್ದು. ಕಲ್ಲಿನ ವಿಗ್ರಹ ಮುರಿದರೆ ಮಣ್ಣಿನಲ್ಲಿ ಹೂತುಹೋಗಿ ಎಂದಾದರೊಮ್ಮೆ ಸಿಕ್ಕೀತು; ಕಂಚಿನದು ಕುಲುಮೆಗೆ ಬಿದ್ದರೆ ಮುಗಿಯಿತು. ಅದು ನಾಣ್ಯವಾಗುತ್ತದೆ, ಗಂಟೆಯಾಗುತ್ತದೆ, ಫಿರಂಗಿಯಾಗುತ್ತದೆ. ಕ್ರಿ.ಶ. ನಾಲ್ಕನೆಯ ಶತಮಾನದ ಪಟ್ಟಿಗಳಲ್ಲಿ ರೋಮ್ ನಗರದ 22 ದೊಡ್ಡ ಕುದುರೆ ಪ್ರತಿಮೆಗಳ ಲೆಕ್ಕ ಕಾಣುತ್ತದೆ. ಇಂದು ಅಲ್ಲಿ ಪೂರ್ಣವಾಗಿ ಉಳಿದಿರುವುದು ಒಂದೇ ಒಂದು ಕಂಚಿನ ಕುದುರೆ.

ಆ ಒಂದು ಕುದುರೆಯ ಮೇಲೆ ಕುಳಿತವನು ಕ್ರಿ.ಶ. 161ರಿಂದ 180ರವರೆಗೆ ಆಳಿದ ಮಾರ್ಕಸ್ ಆರೀಲಿಯಸ್. ಯುದ್ಧದ ಬಿಡಾರಗಳಲ್ಲಿ ಕುಳಿತು ತನ್ನ ಆತ್ಮಚಿಂತನೆಯನ್ನು ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ ತತ್ತ್ವಜ್ಞಾನಿ ಚಕ್ರವರ್ತಿ ಎಂದು ಹಲವರು ಕೇಳಿರಬಹುದು. ಆದರೆ ಅವನ ಪ್ರತಿಮೆಯನ್ನು ಕಾಪಾಡಿದ್ದು ಅವನ ತತ್ತ್ವಜ್ಞಾನವಲ್ಲ. ಮಧ್ಯಯುಗದಲ್ಲಿ ಅದು ಪೋಪರ ನಿವಾಸವಾದ ಲ್ಯಾಟೆರನ್ ಅರಮನೆಯ ಎದುರಿಗಿತ್ತು. ಜನ ಅದನ್ನು ಕ್ರೈಸ್ತ ಧರ್ಮಕ್ಕೆ ಆಶ್ರಯ ಕೊಟ್ಟ ಮೊದಲ ಚಕ್ರವರ್ತಿ ಕಾನ್‌ಸ್ಟಂಟೈನನ ಪ್ರತಿಮೆಯೆಂದು ತಿಳಿದಿದ್ದರು. ಧರ್ಮರಕ್ಷಕನ ಮೂರ್ತಿಯನ್ನು ಕರಗಿಸುವವರುಂಟೆ? ಮಾರ್ಕಸನ ಆಳ್ವಿಕೆಯಲ್ಲಿ ಕ್ರೈಸ್ತರು ಹಿಂಸೆಗೊಳಗಾಗಿದ್ದರು. ಅಂಥವನ ಮೂರ್ತಿಯನ್ನು ಇನ್ನೊಬ್ಬನ ಹೆಸರಿನಲ್ಲಿ ಕ್ರೈಸ್ತರೇ ಶತಮಾನಗಳ ಕಾಲ ಕಾಯ್ದುಕೊಂಡು ಬಂದರು. ಹೆಸರು ಸರಿಯಾಗಿ ಗೊತ್ತಿದ್ದಿದ್ದರೆ ಇಂದು ನಮಗೆ ನೋಡಲು ಕುದುರೆಯೂ ಇರುತ್ತಿರಲಿಲ್ಲ, ಸವಾರನೂ ಇರುತ್ತಿರಲಿಲ್ಲ.

1538ರಲ್ಲಿ ಮೂರನೆಯ ಪೌಲ್ ಎಂಬ ಪೋಪನು ಪ್ರತಿಮೆಯನ್ನು ಕ್ಯಾಪಿಟೋಲೈನ್ ಗುಡ್ಡಕ್ಕೆ ತರಿಸಿದನು. ಅದರ ಪೀಠವನ್ನೂ ಸುತ್ತಲಿನ ಚೌಕವನ್ನೂ ರೂಪಿಸಿದವನು ಮೈಕೆಲ್ಯಾಂಜೆಲೊ. ಕುದುರೆಗಳೂ ಹತ್ತಬಹುದಾದ ಇಳಿಜಾರು ಮೆಟ್ಟಿಲುಗಳ ದಾರಿಯೂ ಅವನ ಯೋಜನೆಯದೇ. ಮಂಡಿನೋವಿನ ಹಿರಿಯರು ಸಹ ಅಂಜದೆ ಹತ್ತಬಹುದು. ಅಲ್ಲಿಂದ ನಾಲ್ಕೂವರೆ ಶತಮಾನ ಪ್ರತಿಮೆ ಬಿಸಿಲು ಮಳೆಯಲ್ಲಿ ನಿಂತಿತು. 1979ರಲ್ಲಿ ಚೌಕದ ಅರಮನೆಯ ಬಳಿ ಬಾಂಬು ಸಿಡಿಯಿತು. ಆಮೇಲಿನ ತಪಾಸಣೆಯಲ್ಲಿ ಬಾಂಬಿಗಿಂತ ಮೋಟಾರು ಹೊಗೆ ಮಾಡಿದ ಹಾನಿಯೇ ದೊಡ್ಡದೆಂದು ಕಂಡುಬಂತು. 1981ರಲ್ಲಿ ಕೆಳಗಿಳಿಸಿ ವರ್ಷಗಟ್ಟಲೆ ಚಿಕಿತ್ಸೆ ನಡೆಸಿದರು. ಈಗ ಚೌಕದಲ್ಲಿರುವುದು 1997ರಲ್ಲಿ ನಿಲ್ಲಿಸಿದ ಪ್ರತಿಕೃತಿ. ಮೂಲ ಪ್ರತಿಮೆ ಮ್ಯೂಸಿಯಂನ ಒಳಗೆ, 2005ರಲ್ಲಿ ತೆರೆದ ಗಾಜಿನ ಮಾಡಿನ ದೊಡ್ಡ ಹಜಾರದಲ್ಲಿದೆ. ನಾಲ್ಕು ಮೀಟರಿಗೂ ಎತ್ತರ. ಚಕ್ರವರ್ತಿಯ ಕಾಲಿಗೆ ರಿಕಾಪು ಇಲ್ಲದ್ದನ್ನು ಗಮನಿಸಿ. ರೋಮನರಿಗೆ ಆಗ ಅದು ಗೊತ್ತಿರಲಿಲ್ಲ. ಮೈಮೇಲೆ ಅಲ್ಲಲ್ಲಿ ಹಳೆಯ ಚಿನ್ನದ ಲೇಪ ಹೊಳೆಯುತ್ತದೆ. ಕುದುರೆ ಮತ್ತೆ ಪೂರ್ತಿ ಚಿನ್ನದ ಬಣ್ಣಕ್ಕೆ ತಿರುಗಿದ ದಿನ ಪ್ರಳಯ ಎಂದು ರೋಮಿನ ಜನರ ನಂಬಿಕೆಯಂತೆ. ಇಟಲಿಯ ಐವತ್ತು ಸೆಂಟಿನ ನಾಣ್ಯ ಕೈಗೆ ಸಿಕ್ಕಿದರೆ ಹಿಂತಿರುಗಿಸಿ ನೋಡಿ, ಇದೇ ಕುದುರೆ.

ಮ್ಯೂಸಿಯಂನ ಜನ್ಮಪತ್ರವನ್ನೂ ಇಲ್ಲಿ ಹೇಳಿಬಿಡಬೇಕು. 1471ರ ಆಗಸ್ಟಿನಲ್ಲಿ ಪಟ್ಟಕ್ಕೆ ಬಂದ ಪೋಪ್ ನಾಲ್ಕನೆಯ ಸಿಕ್ಸ್ಟಸನು ಅದೇ ಡಿಸೆಂಬರಿನಲ್ಲಿ ಲ್ಯಾಟೆರನ್ ಅರಮನೆಯಲ್ಲಿದ್ದ ಕೆಲವು ಹಳೆಯ ಕಂಚಿನ ವಿಗ್ರಹಗಳನ್ನು ರೋಮಿನ ಜನತೆಗೆ ಒಪ್ಪಿಸಿದನು. ತೋಳ, ಮುಳ್ಳು ಕೀಳುತ್ತ ಕುಳಿತ ಹುಡುಗ, ಚಕ್ರವರ್ತಿಯೊಬ್ಬನ ದೈತ್ಯಾಕಾರದ ತಲೆ ಮೊದಲಾದವು ಅವು. ಇದನ್ನು ದಾಖಲಿಸುವ ಶಿಲಾಶಾಸನದಲ್ಲಿ ‘ದಾನ’ ಎಂಬ ಪದವೊಂದೇ ಇಲ್ಲ. ಅವು ಯಾರಿಂದ ಹುಟ್ಟಿದವೋ ಆ ಜನರಿಗೆ ‘ಹಿಂದಿರುಗಿಸುವುದು’ ಎಂಬ ಅರ್ಥದ ಪದವೂ ಇದೆ. ಹಳೆಯ ವಸ್ತುಗಳು ಯಾರ ಸೊತ್ತು ಎಂಬ ವಿವಾದ ಇಂದು ದೇಶದೇಶಗಳ ನಡುವೆ ಎದ್ದಿದೆ. ಐದೂವರೆ ಶತಮಾನದ ಹಿಂದೆಯೇ ಆ ಪದವನ್ನು ಕಲ್ಲಿನಲ್ಲಿ ಕೆತ್ತಿಸಿದ್ದು ಸಣ್ಣ ಮಾತಲ್ಲ. ಆದರೆ ಪೋಪನನ್ನು ಬಹಳ ಹೊಗಳಲೂ ಬೇಕಿಲ್ಲ. ನಗರದ ಆಡಳಿತ ಭವನದ ಮೇಲೆ ತನ್ನ ಹೆಸರಿನ ಶಾಸನ ನಿಲ್ಲಿಸಿ, ಊರಿನ ಯಜಮಾನ ಯಾರೆಂದು ತೋರಿಸಿಕೊಟ್ಟ ರಾಜಕೀಯವೂ ಅದರಲ್ಲಿತ್ತು. ಇದೇ ಸಿಕ್ಸ್ಟಸನ ಕಾಲದಲ್ಲಿ ದನದ ಸಂತೆಯ ಬಳಿಯಿದ್ದ ಹರ್ಕ್ಯುಲೀಸನ ಪ್ರಾಚೀನ ದೇವಾಲಯವನ್ನು ಕೆಡವಿದರು. ಅಲ್ಲಿ ಸಿಕ್ಕಿದ ಚಿನ್ನದ ಲೇಪದ ಕಂಚಿನ ಹರ್ಕ್ಯುಲೀಸ್ ಕೂಡ ಈ ಮ್ಯೂಸಿಯಂನಲ್ಲಿಯೇ ನಿಂತಿದ್ದಾನೆ. ಒಂದು ಕೈಯಲ್ಲಿ ಕೆಡವಿದರು, ಇನ್ನೊಂದು ಕೈಯಲ್ಲಿ ಎತ್ತಿಟ್ಟರು. ಚರಿತ್ರೆಯಲ್ಲಿ ಇದೇನೂ ಅಪರೂಪವಲ್ಲ.

ಸಿಕ್ಸ್ಟಸನು ಕೊಟ್ಟವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ತೋಳ. ರೋಮುಲಸ್ ಮತ್ತು ರೀಮಸ್ ಎಂಬ ಅವಳಿ ಶಿಶುಗಳಿಗೆ ಹಾಲೂಡಿಸಿ ಬದುಕಿಸಿದ ಹೆಣ್ಣು ತೋಳದ ಕಥೆ ನಮ್ಮ ಶಾಲಾ ಪುಸ್ತಕಗಳಲ್ಲೂ ಇತ್ತು. ಕಂಚಿನ ಈ ತೋಳ ಮುಕ್ಕಾಲು ಮೀಟರ್ ಎತ್ತರವಿದೆ, ಅಷ್ಟೆ. ಆದರೆ ಅದರ ಮುಖದ ಎಚ್ಚರ, ಎಣಿಸಬಹುದಾದಂತಹ ಪಕ್ಕೆಲುಬು, ಕಿವಿ ನಿಮಿರಿಸಿ ನಿಂತ ಬಗೆ ನೋಡಿದರೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಕೆಳಗಿರುವ ದುಂಡು ದುಂಡಗಿನ ಮಕ್ಕಳು ಹದಿನೈದನೆಯ ಶತಮಾನದ ಕೊನೆಯಲ್ಲಿ ಸೇರಿಸಿದವು ಎಂಬುದು ಮೊದಲಿನಿಂದ ಗೊತ್ತಿದ್ದ ಸಂಗತಿ. ತೋಳ ಮಾತ್ರ ಕ್ರಿ.ಪೂ. ಐದನೆಯ ಶತಮಾನದ್ದು, ರೋಮನರಿಗೂ ಹಿರಿಯರಾದ ಎಟ್ರಸ್ಕನ್ ಜನಾಂಗದ ಕೈಕೆಲಸ ಎಂದು ವಿದ್ವಾಂಸರು ಎರಡು ಶತಮಾನಕ್ಕೂ ಮಿಕ್ಕಿ ಹೇಳಿಕೊಂಡು ಬಂದರು. ಕ್ರಿ.ಪೂ. 65ರಲ್ಲಿ ಈ ಗುಡ್ಡದ ಮೇಲಿದ್ದ ತೋಳದ ಪ್ರತಿಮೆಗೆ ಸಿಡಿಲು ಬಡಿಯಿತೆಂದು ಸಿಸೆರೊ ಬರೆದಿದ್ದಾನೆ. ನಮ್ಮ ತೋಳದ ಕಾಲಿನಲ್ಲಿ ಕಾಣುವ ಹಾನಿ ಆ ಸಿಡಿಲಿನದೇ ಎಂದು ಬೆರಳಿಟ್ಟು ತೋರಿಸಿದವರೂ ಇದ್ದರು.

1997ರಲ್ಲಿ ತೋಳದ ದುರಸ್ತಿ ಕೆಲಸ ಆನ್ನಾ ಮಾರಿಯಾ ಕರೂಬಾ ಎಂಬ ತಜ್ಞೆಯ ಕೈಗೆ ಬಂತು. ಇಲ್ಲಿ ಕಂಚು ಎರಕದ ವಿಷಯ ಸ್ವಲ್ಪ ಹೇಳಬೇಕಾಗುತ್ತದೆ. ಜೇಡಿಮಣ್ಣಿನ ತಿರುಳಿನ ಮೇಲೆ ಮೇಣ ಮೆತ್ತಿ ರೂಪ ತೀಡುತ್ತಾರೆ. ಅದರ ಮೇಲೆ ಮತ್ತೆ ಮಣ್ಣು ಹೊದಿಸಿ ಕಾಯಿಸಿದರೆ ಮೇಣ ಕರಗಿ ಹೊರಬರುತ್ತದೆ. ಆ ತೆರವಿಗೆ ಕಾದ ಲೋಹ ಹೊಯ್ಯುತ್ತಾರೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಈ ವಿಧಾನದ ವಿವರಣೆ ಇದೆ, ಮೇಣದ ತೂಕದ ಎಷ್ಟು ಪಟ್ಟು ಲೋಹ ಬೇಕೆಂಬ ಲೆಕ್ಕವೂ ಇದೆ. ಗ್ರೀಕರು, ರೋಮನರು ದೊಡ್ಡ ವಿಗ್ರಹವನ್ನು ತಲೆ, ಮುಂಡ, ಕೈಕಾಲು ಎಂದು ಬಿಡಿಬಿಡಿಯಾಗಿ ಎರಕ ಹೊಯ್ದು ಬೆಸೆಯುತ್ತಿದ್ದರು. ಮಾರ್ಕಸನ ಕುದುರೆಯೂ ಹಾಗೆ ಬೆಸೆದದ್ದೇ. ಈ ತೋಳವಾದರೋ ಒಂದೇ ಎರಕದ್ದು. ಮಧ್ಯಯುಗದಲ್ಲಿ ಚರ್ಚುಗಳ ಗಂಟೆಗಳನ್ನು ಎರಕ ಹೊಯ್ಯುತ್ತಿದ್ದವರ ಪದ್ಧತಿ ಇದು, ಆದ್ದರಿಂದ ತೋಳವೂ ಮಧ್ಯಯುಗದ್ದೇ ಎಂದು ಕರೂಬಾ ಅವರು 2006ರಲ್ಲಿ ಪುಸ್ತಕ ಪ್ರಕಟಿಸಿ ವಾದಿಸಿದರು. ರೋಮ್ ನಗರದ ಲಾಂಛನಕ್ಕೇ ಕೈಹಚ್ಚಿದಂತಾಯಿತು! ಗದ್ದಲ ಎದ್ದದ್ದು ಸಹಜ.

ಲೋಹದ ವಯಸ್ಸನ್ನು ಇಂಗಾಲ–14ರ ಪರೀಕ್ಷೆಯಿಂದ ಅಳೆಯಲು ಬರುವುದಿಲ್ಲ. ಒಂದು ಕಾಲದಲ್ಲಿ ಜೀವವಿದ್ದ ಪದಾರ್ಥ ಬೇಕು. ಎರಕದ ಒಳಗಿನ ಮಣ್ಣಿನ ತಿರುಳಿನಲ್ಲಿ ಅಂಥ ಸಾವಯವ ಪದಾರ್ಥದ ಚೂರುಗಳು ಸಿಕ್ಕಿಕೊಂಡಿರುತ್ತವೆ. ಮೇಣ ಮೆತ್ತಿದವನು ಅರಿಯದೆ ಬಿಟ್ಟುಹೋದ ಸಾಕ್ಷಿ ಅದು. ಸಲೆಂತೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅದನ್ನು ತೆಗೆದು ಪರೀಕ್ಷಿಸಿದರು. ಬಂದ ಉತ್ತರ ಕ್ರಿ.ಶ. ಹನ್ನೊಂದು–ಹನ್ನೆರಡನೆಯ ಶತಮಾನ. ಹೆಚ್ಚು ಕಡಿಮೆ ನಮ್ಮ ಸೋಮೇಶ್ವರನ ಕಾಲವೇ ಆಯಿತು! ಎಟ್ರಸ್ಕನ್ ಪಕ್ಷದ ವಿದ್ವಾಂಸರೆಲ್ಲರೂ ಸೋಲೊಪ್ಪಿಲ್ಲ. ಶೈಲಿಯನ್ನು ಮುಂದೆ ಮಾಡಿ ಈಗಲೂ ವಾದಿಸುವವರಿದ್ದಾರೆ. ಹಳೆಯದೊಂದು ತೋಳವನ್ನು ನೋಡಿ ಮಧ್ಯಯುಗದಲ್ಲಿ ಮಾಡಿದ ನಕಲಿರಬಹುದು ಎಂಬ ಮೂರನೆಯ ಪಕ್ಷವೂ ಇದೆ. ನನಗೆ ಇದು ಹೆಚ್ಚು ಒಪ್ಪಿಗೆಯಾಗುತ್ತದೆ. ಏಕೆಂದರೆ ಹತ್ತನೆಯ ಶತಮಾನದ ಸನ್ಯಾಸಿ ಬೆನೆಡಿಕ್ಟನು ತನ್ನ ವೃತ್ತಾಂತದಲ್ಲಿ, ರೋಮನರ ತಾಯಿಯಾದ ತೋಳ ಎಂದು ಕರೆಯುವ ಸ್ಥಳದಲ್ಲಿ, ಲ್ಯಾಟೆರನ್ ಅರಮನೆಯಲ್ಲಿ, ನ್ಯಾಯ ವಿಚಾರಣೆ ನಡೆಯುತ್ತಿತ್ತೆಂದು ಬರೆದಿದ್ದಾನೆ. ಇಂಗಾಲದ ಲೆಕ್ಕ ಸರಿಯಾದರೆ ಆ ತೋಳ ಬೇರೆಯದೇ ಇರಬೇಕಲ್ಲವೆ? ಇಷ್ಟೆಲ್ಲ ಆದ ಮೇಲೂ ತೋಳ ತನ್ನ ಕೋಣೆಯ ನಡುವೆಯೇ ನಿಂತಿದೆ. ಸುತ್ತ ಸೇರಿದ್ದ ಶಾಲಾ ಮಕ್ಕಳಿಗೆ ಅದರ ವಯಸ್ಸಿನ ಗೊಡವೆ ಇದ್ದಂತೆ ಕಾಣಲಿಲ್ಲ.

ಪಕ್ಕದಲ್ಲೇ ಮುಳ್ಳು ಕೀಳುವ ಹುಡುಗ. ಕಾಲ ಮೇಲೆ ಕಾಲು ಹಾಕಿಕೊಂಡು, ಅಂಗಾಲನ್ನು ತಿರುಗಿಸಿ, ಇಡೀ ಲೋಕವನ್ನೇ ಮರೆತು ಬಗ್ಗಿದ್ದಾನೆ. ಇವನಿಗೂ ಜನ ಕಥೆ ಕಟ್ಟಿದರು. ಸೆನೆಟ್ಟಿಗೆ ತುರ್ತು ಸುದ್ದಿ ಹೊತ್ತು ಓಡಿದ ಕುರುಬರ ಹುಡುಗನಂತೆ. ಸುದ್ದಿ ಮುಟ್ಟಿಸಿದ ಮೇಲೆಯೇ ಮುಳ್ಳಿಗೆ ಕೈ ಹಾಕಿದನಂತೆ. ಕಥೆಗೆ ಆಧಾರವಿಲ್ಲ. ಆದರೆ ಕರ್ತವ್ಯನಿಷ್ಠೆಯ ಆ ಹೆಸರು ಇವನನ್ನೂ ಕಾಪಾಡಿರಬೇಕು.

ಅಮೃತಶಿಲೆಯ ದೊಡ್ಡ ಸಂಗ್ರಹ ಸೇರಿದ್ದು ಹದಿನೆಂಟನೆಯ ಶತಮಾನದಲ್ಲಿ. ಕಾರ್ಡಿನಲ್ ಅಲ್ಬಾನಿ ಎಂಬ ಶ್ರೀಮಂತ ಸಂಗ್ರಾಹಕ 1728ರಲ್ಲಿ ತನ್ನ ಹಲವು ಶಿಲ್ಪಗಳನ್ನು ಜರ್ಮನಿಯ ಡ್ರೆಸ್ಡನ್ನಿನ ದೊರೆಗೆ ಮಾರಿಬಿಟ್ಟಿದ್ದನು. ಮಿಕ್ಕವೂ ಆಲ್ಪ್ಸ್ ದಾಟಿ ಹೋಗುವುದರಲ್ಲಿದ್ದಾಗ ಹನ್ನೆರಡನೆಯ ಕ್ಲೆಮೆಂಟ್ ಪೋಪನು 1733ರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಶಿಲ್ಪಗಳನ್ನು ಕೊಂಡು, ಮರುವರ್ಷ, 1734ರಲ್ಲಿ, ಮ್ಯೂಸಿಯಂ ಬಾಗಿಲನ್ನು ಸಾರ್ವಜನಿಕರಿಗೆ ತೆರೆಸಿದನು. ಚಿತ್ರಶಾಲೆಯ ಹುಟ್ಟೂ ಇಂಥದೇ ಆತಂಕದಿಂದ. ಸಾಲದಲ್ಲಿದ್ದ ಸಕ್ಕೆತ್ತಿ ಮನೆತನದ ಚಿತ್ರಗಳನ್ನು ಹದಿನಾಲ್ಕನೆಯ ಬೆನೆಡಿಕ್ಟ್ ಪೋಪನು 1748ರಲ್ಲಿ ಕೊಂಡನು. ಪೀಯೊ ಮನೆತನದ ಚಿತ್ರಗಳು ಹಿಂದೆಯೇ ಬಂದವು. ವಿದ್ಯಾರ್ಥಿಗಳು ನೋಡಿ ಕಲಿಯಲೆಂದು 1754ರಲ್ಲಿ ಅಲ್ಲಿಯೇ ಚಿತ್ರಕಲಾ ಶಾಲೆಯೂ ಆಯಿತು.

ಇಲ್ಲಿಯ ಚಿತ್ರಗಳಲ್ಲಿ ಮುಖ್ಯವಾದವು ಹದಿನೇಳನೆಯ ಶತಮಾನದ ಬರೋಕ್ ಶೈಲಿಯವು. ‘ಬರೋಕ್’ ಎಂದರೆ ಸೊಟ್ಟ ಮುತ್ತು ಎಂಬ ಅರ್ಥದ ಪೋರ್ಚುಗೀಸ್ ಪದದಿಂದ ಬಂದ ಹೆಸರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಂದಿನ ತಲೆಮಾರಿನವರು ಹೀಯಾಳಿಸಿ ಇಟ್ಟದ್ದು, ಅಂಟಿಕೊಂಡುಬಿಟ್ಟಿತು. ಗ್ವೆರ್ಚೀನೊ ಬರೆದ ಸಂತ ಪೆತ್ರೊನಿಲ್ಲಾಳ ಸಮಾಧಿಯ ಚಿತ್ರ ಏಳು ಮೀಟರಿಗೂ ಹೆಚ್ಚು ಎತ್ತರವಿದೆ. ಕತ್ತು ನೋಯುವವರೆಗೆ ನೋಡಬೇಕು. ಕೆಳಗೆ ಶವವನ್ನು ಗುಂಡಿಗೆ ಇಳಿಸುತ್ತಿದ್ದಾರೆ. ಗುಂಡಿಯೊಳಗೆ ನಿಂತು ಹೊರುವವನ ಕೈ ಮಾತ್ರ ಕಾಣುತ್ತದೆ. ಮೇಲೆ ಮೋಡದಲ್ಲಿ ಅದೇ ಹುಡುಗಿಯನ್ನು ಕ್ರಿಸ್ತನು ಸ್ವಾಗತಿಸುತ್ತಿದ್ದಾನೆ. ಸಂತ ಪೀಟರನ ಮಹಾಮಂದಿರಕ್ಕಾಗಿ 1620ರ ದಶಕದಲ್ಲಿ ಬರೆದ ಚಿತ್ರವಿದು. 1797ರಲ್ಲಿ ನೆಪೋಲಿಯನ್ ಪೋಪನ ಮೇಲೆ ಹೇರಿದ ಒಪ್ಪಂದದ ಪ್ರಕಾರ ಪ್ಯಾರಿಸ್ಸಿಗೆ ಸಾಗಿಸಿದ ನೂರು ಕಲಾಕೃತಿಗಳ ಕಾಲದಲ್ಲಿ ಇದೂ ಹೋಯಿತು. ನೆಪೋಲಿಯನ್ ಬಿದ್ದ ಮೇಲೆ ಶಿಲ್ಪಿ ಕನೋವಾ ಪ್ಯಾರಿಸ್ಸಿಗೆ ಹೋಗಿ ಹೋರಾಡಿ ಬಹಳಷ್ಟನ್ನು ಮರಳಿ ತಂದನು. ಅಷ್ಟರಲ್ಲಿ ಮಹಾಮಂದಿರದಲ್ಲಿ ಈ ಚಿತ್ರದ ಜಾಗದಲ್ಲಿ ಗಾಜುಹರಳಿನ ನಕಲು ಕೂತಿತ್ತು. ಮನೆಗೆ ಬಂದವನಿಗೆ ಜಾಗವಿಲ್ಲದೆ ಗುಡ್ಡ ಹತ್ತಿಸಿದರು.

ಕರವಾಜ್ಜೊನ ಎರಡು ಚಿತ್ರಗಳಿವೆ. ಒಂದರಲ್ಲಿ ಕಣಿ ಹೇಳುವ ಹುಡುಗಿ ಸೊಗಸುಗಾರ ತರುಣನ ಅಂಗೈ ಹಿಡಿದು ಅವನ ಕಣ್ಣನ್ನೇ ನೋಡುತ್ತಿದ್ದಾಳೆ. ಅವಳ ಬೆರಳು ಉಂಗುರ ಜಾರಿಸುತ್ತಿರುವುದು ಅವನಿಗೆ ತಿಳಿಯುತ್ತಿಲ್ಲ. ಇನ್ನೊಂದು 1602ರಲ್ಲಿ ಬರೆದ ಸ್ನಾನಿಕ ಯೋಹಾನ. ಟಗರಿನ ಕೊರಳು ತಬ್ಬಿ ನಗುತ್ತಿರುವ ಹುಡುಗ. ತಲೆಯ ಹಿಂದೆ ಪ್ರಭಾವಳಿ ಇಲ್ಲ, ಕೈಯಲ್ಲಿ ಶಿಲುಬೆ ಇಲ್ಲ, ಇರಬೇಕಾದ ಕುರಿಮರಿಯೂ ಇಲ್ಲ. ಇವನು ಯೋಹಾನನೇ ಅಲ್ಲ, ಬಲಿಯಿಂದ ಬದುಕಿದ ಐಸಾಕನು ಎಂದು ವಾದಿಸುವವರಿದ್ದಾರೆ. ಇದೇ ಚಿತ್ರದ ಇನ್ನೊಂದು ಪ್ರತಿ ರೋಮಿನ ದೋರಿಯಾ ಪಂಫೀಲಿ ಮನೆತನದ ಸಂಗ್ರಹದಲ್ಲಿದ್ದು ಅದನ್ನೇ ಮೂಲವೆಂದು ನಂಬಿದ್ದರು. ಇದು ಅದೇ ಗುಡ್ಡದ ಮೇಲೆ, ನಗರದ ಮೇಯರರ ಕಚೇರಿಯಲ್ಲಿ, ಗೋಡೆಯ ಮೇಲೆ ತೂಗುತ್ತಿತ್ತು. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕಲಾ ಇತಿಹಾಸಕಾರ ಡೆನಿಸ್ ಮಾಹನ್ ಅಲ್ಲಿ ಅದನ್ನು ಕಂಡು, ಇದು ಸಾಕ್ಷಾತ್ ಕರವಾಜ್ಜೊ ಎಂದು ಗುರುತಿಸಿದರು. ಎಷ್ಟು ಗುಮಾಸ್ತರು ಕಡತ ಹಿಡಿದುಕೊಂಡು ಆ ಚಿತ್ರದ ಕೆಳಗೆ ಕಾಯುತ್ತ ನಿಂತಿದ್ದರೋ! ನನ್ನಂಥವನಿಗೆ ಆ ದೃಶ್ಯ ಊಹಿಸುವುದು ಕಷ್ಟವಲ್ಲ.

ಕಡತ ಎಂದಾಗ ಇನ್ನೊಂದು ಹೇಳಬೇಕು. ಮ್ಯೂಸಿಯಂನ ಎರಡು ಭವನಗಳನ್ನು ಚೌಕದ ಅಡಿಯಲ್ಲಿ ಒಂದು ಸುರಂಗ ಕೂಡಿಸುತ್ತದೆ. ಅದರಿಂದ ಟಬುಲೇರಿಯಂ ಎಂಬ, ಕ್ರಿ.ಪೂ. 78ರ ಸುಮಾರಿನ ಕಟ್ಟಡಕ್ಕೆ ಹೋಗಬಹುದು. ರೋಮನ್ ಗಣರಾಜ್ಯದ ದಾಖಲೆಗಳ ಉಗ್ರಾಣ ಇದೆಂದು ಬಹುಕಾಲದ ತಿಳಿವಳಿಕೆ. ಈಚಿನ ಕೆಲವು ಸಂಶೋಧಕರು ಈ ಹೆಸರನ್ನೂ ಪ್ರಶ್ನಿಸಿದ್ದಾರೆ. ಮಧ್ಯಯುಗದಲ್ಲಿ ಇಲ್ಲಿ ಉಪ್ಪು ದಾಸ್ತಾನು ಮಾಡುತ್ತಿದ್ದರು. ಉಪ್ಪು ತಿಂದ ಕಲ್ಲುಕಂಬಗಳ ಮೈ ಇಂದಿಗೂ ಹಾಗೆಯೇ ಕಾಣುತ್ತದೆ. ಅದರ ಕಮಾನುಗಳಿಂದ ಇಡೀ ಫೋರಂ ಕಣ್ಣ ಕೆಳಗೆ ಹರಡಿಕೊಳ್ಳುತ್ತದೆ. ಸಂಜೆಯ ಬಿಸಿಲಿನಲ್ಲಿ ನೋಡಿದರೆ ಚೆನ್ನ.

ಎದುರಿನ ಭವನದಲ್ಲಿ ‘ಸಾಯುತ್ತಿರುವ ಗಾಲ್’ ಇದ್ದಾನೆ. ಬಲಗೈ ಊರಿ, ತಲೆ ಬಗ್ಗಿಸಿ, ಎದೆಯ ಗಾಯದಿಂದ ರಕ್ತ ಹನಿಯುತ್ತಿರುವಾಗಲೂ ಬೀಳದೆ ಕುಳಿತ ಯೋಧ. ಪಕ್ಕದ ರೋಮನ್ ಗೈಡುಗಳು ದನಿ ತಗ್ಗಿಸಿ ಮಾತನಾಡುವುದು ಇವನ ಎದುರಿಗೆ ಮಾತ್ರ. 1623ರ ಪಟ್ಟಿಯೊಂದರಲ್ಲಿ ಇವನ ಹೆಸರು ಮೊದಲು ಕಾಣುತ್ತದೆ. ಅಂದಿನಿಂದ ಬಹುಕಾಲ ಇವನನ್ನು ಅಖಾಡದಲ್ಲಿ ಸಾಯುವ ಗ್ಲಾಡಿಯೇಟರ್ ಎಂದೇ ಕರೆದರು. ಬೈರನ್ ಕವಿಯೂ ಹಾಗೆಯೇ ಹಾಡಿದನು. ಆದರೆ ಕೊರಳಿನ ತಿರುಚಿದ ಕಡಗ, ದಪ್ಪ ಮೀಸೆ, ಒರಟಾಗಿ ಹಿಂದಕ್ಕೆ ಬಾಚಿದ ಕೂದಲು ಗಾಲ್ ಜನಾಂಗದ ಗುರುತುಗಳು. ಏಷ್ಯಾ ಮೈನರಿನ ಪೆರ್ಗಮಮ್ ದೊರೆ ಅಟ್ಟಲಸ್ ಗಾಲರನ್ನು ಗೆದ್ದ ನೆನಪಿಗೆ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ನಿಲ್ಲಿಸಿದ ಸ್ಮಾರಕದ ಒಂದು ಮೂರ್ತಿಯನ್ನು ರೋಮನ್ ಶಿಲ್ಪಿ ಕಲ್ಲಿನಲ್ಲಿ ನಕಲು ಮಾಡಿದ್ದು ಇದೆಂದು ಈಗಿನ ಅಭಿಪ್ರಾಯ. ಗೆದ್ದವನು ತನ್ನ ಕೀರ್ತಿಗಾಗಿ ಮಾಡಿಸಿದ್ದು; ನೋಡುವವರ ಮನಸ್ಸೆಲ್ಲ ಸೋತವನ ಕಡೆಗೆ. ಇವನೂ ಪ್ಯಾರಿಸ್ಸಿಗೆ ಹೋಗಿದ್ದವನೇ, 1816ರಲ್ಲಿ ಹಿಂತಿರುಗಿದನು.

ನೋಡಲು ಹೋಗುವವರು ಕಡೆಯ ಪಕ್ಷ ಅರ್ಧ ದಿನ ಇಟ್ಟುಕೊಳ್ಳಬೇಕು, ಗಟ್ಟಿ ಚಪ್ಪಲಿ ಹಾಕಿಕೊಳ್ಳಬೇಕು. ಅಂಗಳದಲ್ಲಿ ಕಾನ್‌ಸ್ಟಂಟೈನನ ದೈತ್ಯ ಪ್ರತಿಮೆಯ ಅಮೃತಶಿಲೆಯ ತಲೆ, ಕೈ, ಪಾದಗಳ ತುಂಡುಗಳಿವೆ. ಅವನ್ನಾಧರಿಸಿ ಮಾಡಿದ 13 ಮೀಟರ್ ಎತ್ತರದ ಪೂರ್ಣ ಮಾದರಿಯನ್ನು 2024ರಲ್ಲಿ ಪಕ್ಕದ ತೋಟದಲ್ಲಿ ನಿಲ್ಲಿಸಿದ್ದಾರೆ. ಇನ್ನೂ ವೇಳೆ ಇದ್ದವರು ಓಸ್ತಿಯೆನ್ಸೆ ರಸ್ತೆಯ ಮೊಂತೆಮಾರ್ತೀನಿಗೆ ಹೋಗಬಹುದು. 1912ರಲ್ಲಿ ಆರಂಭವಾಗಿ ಮುಂದೆ ಕೆಲಸ ನಿಲ್ಲಿಸಿದ ವಿದ್ಯುತ್ ಉತ್ಪಾದನಾ ಕೇಂದ್ರವದು. 1997ರಲ್ಲಿ ಮ್ಯೂಸಿಯಂನ ದುರಸ್ತಿಯಾಗುವವರೆಗೆ ತಾತ್ಕಾಲಿಕವಾಗಿ ಎಂದು ನೂರಾರು ಶಿಲ್ಪಗಳನ್ನು ಅಲ್ಲಿಗೆ ಸಾಗಿಸಿದರು. ಕರಿಯ ಡೀಸೆಲ್ ಎಂಜಿನ್ನುಗಳ ಮುಂದೆ ಬಿಳಿಯ ದೇವತೆಗಳು ಎಷ್ಟು ಚೆನ್ನಾಗಿ ಒಪ್ಪಿದವೆಂದರೆ, ಕೆಲಸ ಮುಗಿದ ಮೇಲೂ ಅನೇಕವು ಅಲ್ಲಿಯೇ ಉಳಿದುಬಿಟ್ಟವು.